ಗ್ರೀಸ್‌ಗೆ ಬೆಂಕಿ ಹತ್ತುತ್ತದೆಯೇ?

ಕಲ್ಲಿನ ಸುರಂಗದಲ್ಲಿ ಆರು ಗಾಬ್ಲಿನ್‌ಗಳು ಅಟ್ಟಿಸಿಕೊಂಡು ಬರುತ್ತಿವೆ. ಮಂತ್ರವಾದಿಯ ಪಾತ್ರ ಆಡುತ್ತಿರುವವಳು ‘ಗ್ರೀಸ್’ ಎಂಬ ಮಂತ್ರ ಪ್ರಯೋಗಿಸಿದಳು. ಹತ್ತಡಿ ಉದ್ದ, ಹತ್ತಡಿ ಅಗಲದ ನೆಲಕ್ಕೆಲ್ಲ ಜಿಡ್ಡು ಹರಡಿ, ಮುಂದಿದ್ದ ಮೂರು ಗಾಬ್ಲಿನ್‌ಗಳು ದೊಪ್ಪನೆ ಜಾರಿ ಬಿದ್ದವು. ಪಕ್ಕದ ಆಟಗಾರನಿಗೆ ಅಷ್ಟೇ ಸಾಕಾಯಿತು.

“ನಾನು ಕೈಯಲ್ಲಿರೋ ಪಂಜು ಎಸೀತೀನಿ. ಇಡೀ ಗ್ರೀಸ್ ಧಗ್ ಅಂತ ಹತ್ಕೊಳ್ಳುತ್ತೆ.”

ಆಟ ನಡೆಸುವವನು ಪುಸ್ತಕ ತಿರುವಿ ಹಾಕಿದ. “ಹತ್ತುತ್ತೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ವಲ್ಲೋ.”

“ಹತ್ತಲ್ಲ ಅಂತಾನೂ ಬರೆದಿಲ್ಲ ಮಗಾ. ಗ್ರೀಸ್ ಅಂದ್ಮೇಲೆ ಹತ್ತಲ್ವಾ? ಗ್ಯಾರೇಜಲ್ಲಿ ನೋಡಿಲ್ವಾ?”

ಗಾಬ್ಲಿನ್‌ಗಳು ಬಿದ್ದಲ್ಲೇ ಬಿದ್ದಿವೆ. ಮುಂದಿನ ಅರ್ಧ ಗಂಟೆ ಟೇಬಲ್ ಸುತ್ತ ವಾದವೇ ವಾದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರು ಅಮೆರಿಕದಲ್ಲಿರಲಿ, ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಯಲ್ಲಿರಲಿ, ಇಂಥ ವಾದವನ್ನು ಕೇಳಿಯೇ ಇರುತ್ತಾರೆ. ಆಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬಳು ಮಂತ್ರವಾದಿ, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಉಳಿದೊಬ್ಬ ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಕಾಡು, ಕೋಟೆ, ರಾಕ್ಷಸ, ಹೋಟೆಲ್ ಯಜಮಾನ ಎಲ್ಲವೂ ಅವನ ಬಾಯಿಂದಲೇ ಬರಬೇಕು. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಮತ್ತು ದಪ್ಪನೆಯ ನಿಯಮದ ಪುಸ್ತಕ ಸೇರಿ ತೀರ್ಮಾನಿಸುತ್ತವೆ. ಗೆಲ್ಲುವವರು, ಸೋಲುವವರು ಅಂತ ಯಾರೂ ಇಲ್ಲ. ಕಥೆ ಮುಂದುವರಿಯುತ್ತ ಹೋಗುತ್ತದೆ, ಕೆಲವು ಗುಂಪುಗಳಲ್ಲಿ ವರ್ಷಗಟ್ಟಲೆ.

ಕತ್ತಿ ಬೀಸುವುದಕ್ಕೆ ಇಲ್ಲಿ ತಕರಾರು ಬರುವುದು ಕಡಿಮೆ. ಕತ್ತಿ ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಮಂತ್ರದ ಕಥೆ ಬೇರೆ. ಲೋಕದಲ್ಲಿ ಇಲ್ಲದ ವಸ್ತು ಅದು. ಅದರ ಗುಣ ತಿಳಿಯಬೇಕೆಂದರೆ ಪುಸ್ತಕದ ನಾಲ್ಕು ಸಾಲು ಬಿಟ್ಟರೆ ಬೇರೆ ಆಧಾರವಿಲ್ಲ. ಆ ನಾಲ್ಕು ಸಾಲು ಒಮ್ಮೆ ಕಥೆಯ ಭಾಷೆಯಲ್ಲೂ ಇನ್ನೊಮ್ಮೆ ಕಾಯಿದೆಯ ಭಾಷೆಯಲ್ಲೂ ಮಾತನಾಡುತ್ತವೆ. ಯಾವ ಪದ ವರ್ಣನೆಗಾಗಿ ಬಂದದ್ದು, ಯಾವುದು ನಿಯಮ ಎಂದು ಗೆರೆ ಎಳೆದು ತೋರಿಸುವುದಿಲ್ಲ. 2014ರ ಆಟಗಾರರ ಕೈಪಿಡಿಯಲ್ಲಿ ಇಂಥ ಮಂತ್ರಗಳು ಮುನ್ನೂರಕ್ಕೂ ಹೆಚ್ಚು.

ಗ್ರೀಸ್‌ನ ತಕರಾರನ್ನೇ ಬಿಡಿಸಿ ನೋಡೋಣ. ಉರಿಯುತ್ತದೆ ಎನ್ನುವವರ ಕೈಯಲ್ಲಿ ಒಂದು ಒಳ್ಳೆಯ ಸಾಕ್ಷ್ಯವಿದೆ. ಈ ಮಂತ್ರಕ್ಕೆ ಬೇಕಾದ ಸಾಮಗ್ರಿ ಹಂದಿಯ ಚರ್ಮದ ತುಣುಕು ಇಲ್ಲವೇ ಬೆಣ್ಣೆ ಎಂದು ಪುಸ್ತಕ ಹೇಳುತ್ತದೆ. ಕೊಬ್ಬಿನಿಂದ ಹುಟ್ಟಿದ ಜಿಡ್ಡು ಉರಿಯದೆ ಇದ್ದೀತೇ? ಇಲ್ಲ ಎನ್ನುವವರು ಅದೇ ಪುಸ್ತಕದಲ್ಲಿ ‘ವೆಬ್’ ಎಂಬ ಇನ್ನೊಂದು ಮಂತ್ರದ ಪುಟ ತೆರೆಯುತ್ತಾರೆ. ದಪ್ಪ ಜೇಡರ ಬಲೆ ಹರಡುವ ಮಂತ್ರ ಅದು. ಬಲೆಗೆ ಬೆಂಕಿ ಹತ್ತುತ್ತದೆ, ಐದಡಿ ಘನದಷ್ಟು ಬಲೆ ಒಂದು ಸುತ್ತಿನಲ್ಲಿ ಸುಟ್ಟುಹೋಗುತ್ತದೆ, ಆ ಬೆಂಕಿಯಲ್ಲಿ ಸಿಕ್ಕವರಿಗೆ ನಾಲ್ಕು ಮುಖದ ಎರಡು ದಾಳದಷ್ಟು ಹಾನಿ ಎಂದು ಅಲ್ಲಿ ಬಿಡಿಸಿ ಬರೆದಿದೆ. ಹತ್ತುವ ವಸ್ತು ಆಗಿದ್ದರೆ ಹತ್ತುತ್ತದೆಂದು ಹೇಳುವ ರೂಢಿ ಈ ಪುಸ್ತಕಕ್ಕಿದೆ. ಗ್ರೀಸ್‌ನಲ್ಲಿ ಸುಮ್ಮನಿದ್ದಾರೆಂದರೆ ಸುಮ್ಮನಿರಬೇಕೆಂದೇ ಸುಮ್ಮನಿದ್ದಾರೆ. ಮಂತ್ರ ತಾನು ಹೇಳಿದ್ದನ್ನಷ್ಟೇ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂಬುದು ಈ ಪಕ್ಷದ ಮೂಲಮಂತ್ರ.

ನನಗೆ ಎರಡನೆಯ ವಾದವೇ ಗಟ್ಟಿ ಅನ್ನಿಸುತ್ತದೆ. ಕಾರಣ ಭೌತಶಾಸ್ತ್ರದ್ದಲ್ಲ, ತೂಕದ್ದು. ಗ್ರೀಸ್ ಮೊದಲ ಮಟ್ಟದ ಮಂತ್ರ, ವೆಬ್ ಎರಡನೆಯದು. ಕೆಳಗಿನ ಮಂತ್ರಕ್ಕೆ ಬೆಂಕಿಯನ್ನೂ ಪುಕ್ಕಟೆ ಸೇರಿಸಿದರೆ ಮೇಲಿನದನ್ನು ಯಾರು ಕಲಿಯುತ್ತಾರೆ?

ಇದೇ ನಿಯಮಗಳನ್ನು ಆಧರಿಸಿ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಎಂಬ ವಿಡಿಯೊ ಗೇಮ್ ಹೊರತಂದಿತು. ಕಂಪ್ಯೂಟರಿಗೆ ಅರ್ಧ ಗಂಟೆ ವಾದ ಮಾಡಲು ಬರುವುದಿಲ್ಲ. ಹತ್ತುತ್ತದೋ ಇಲ್ಲವೋ ಎಂದು ಪ್ರೋಗ್ರಾಂ ಬರೆಯುವವರು ಮೊದಲೇ ನಿರ್ಧರಿಸಿರಬೇಕು. ಅವರು ಹತ್ತಿಸಿಯೇ ಬಿಟ್ಟರು. ಆ ಆಟದಲ್ಲಿ ಗ್ರೀಸ್‌ಗೆ ಕಿಡಿ ತಾಗಿದರೆ ನೆಲವೆಲ್ಲ ಉರಿಯುತ್ತದೆ, ನೋಡಲು ಸೊಗಸಾಗಿಯೂ ಇರುತ್ತದೆ. ಮರುವರ್ಷ, 2024ರಲ್ಲಿ, ಮೂಲ ಆಟದ ಪರಿಷ್ಕೃತ ಕೈಪಿಡಿ ಬಂತು. ಅದರಲ್ಲಿ ಗ್ರೀಸ್ ಮಂತ್ರದ ವಿವರಣೆ ಶುರುವಾಗುವುದೇ ಉರಿಯದ ಗ್ರೀಸ್ ಎಂದು. ಒಂದು ವಿಶೇಷಣದಿಂದ ಹತ್ತು ವರ್ಷದ ತಕರಾರು ಮುಗಿಯಿತು. ಮುಗಿದದ್ದು ಪುಸ್ತಕದಲ್ಲಿ ಮಾತ್ರ ಅನ್ನಿ. ವಿಡಿಯೊ ಗೇಮ್ ಆಡಿ ಬಂದ ಹೊಸಬರು ಟೇಬಲ್ಲಿನಲ್ಲಿ ಪಂಜು ಎಸೆಯುವುದನ್ನು ಬಿಟ್ಟಿಲ್ಲ.

ಈ ಜಗಳ ಆಟದ ಹುಟ್ಟಿನಿಂದಲೇ ಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದಾಗ ಅದು ಒಂದು ಡಬ್ಬಿಯಲ್ಲಿ ಮೂರು ಚಿಕ್ಕ ಪುಸ್ತಿಕೆ, ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಇಬ್ಬರೂ ಬಂದದ್ದು ಯುದ್ಧದ ಆಟಗಳಿಂದ, ಅಂದರೆ ಮೇಜಿನ ಮೇಲೆ ಸೀಸದ ಸೈನಿಕರನ್ನು ಜೋಡಿಸಿ, ಅಳತೆಪಟ್ಟಿ ಹಿಡಿದು ಕಾದಾಡುವ ಹವ್ಯಾಸದಿಂದ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ತಂದಿದ್ದ ‘ಚೈನ್‌ಮೇಲ್’ ಎಂಬ ಯುದ್ಧದ ಆಟದಲ್ಲೇ ಮಂತ್ರವಾದಿ ಇದ್ದ. ಅವನ ಬೆಂಕಿಯುಂಡೆಗೆ ದೊಡ್ಡ ಕವಣೆಯಂತ್ರದ ಹೊಡೆತದಷ್ಟೇ ವ್ಯಾಪ್ತಿ, ಅವನ ಮಿಂಚಿಗೆ ಭಾರಿ ಫಿರಂಗಿಯ ಲೆಕ್ಕ. ಅಲ್ಲಿ ಮಂತ್ರ ಎಂದರೆ ನಿಲುವಂಗಿ ತೊಟ್ಟ ತೋಪು.

ಯುದ್ಧದ ಆಟಕ್ಕೆ ಇನ್ನೂ ಹಳೆಯ ಬೇರಿದೆ. ಪ್ರಷ್ಯಾದ ಸೇನೆಗಾಗಿ ರೈಸ್ವಿಟ್ಸ್ 1824ರಲ್ಲಿ ‘ಕ್ರೀಗ್ಸ್‌ಶ್ಪೀಲ್’ ರೂಪಿಸಿದಾಗ ಅದರಲ್ಲಿ ಕೋಷ್ಟಕಗಳು, ದಾಳಗಳು, ಅವನ್ನೆಲ್ಲ ನೋಡಿಕೊಳ್ಳಲು ಒಬ್ಬ ತೀರ್ಪುಗಾರ ಇದ್ದರು. ನಿಯಮಗಳ ಹೊರೆ ಹೊರಲಾಗದೆ 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೇ ಬಿಡಿ ಎಂದರು. ಬರೆದ ನಿಯಮ ದೊಡ್ಡದೋ, ಕೂತ ತೀರ್ಪುಗಾರ ದೊಡ್ಡವನೋ ಎಂಬ ಪ್ರಶ್ನೆ ಹಾಗೆ ನೂರೈವತ್ತು ವರ್ಷ ಹಳೆಯದು. ಡಿಎಂ ಆ ತೀರ್ಪುಗಾರನ ವಂಶದವನು.

ಗೈಗ್ಯಾಕ್ಸ್ ಮುಂದೆ ಬರೆದ ‘ಅಡ್ವಾನ್ಸ್ಡ್’ ಆವೃತ್ತಿಯ ಬೆಂಕಿಯುಂಡೆಯನ್ನು ನೋಡಬೇಕು. ಅದು ಸಿಡಿದಾಗ ಸುಮಾರು 33,000 ಘನ ಅಡಿ ಜಾಗ ತುಂಬಬೇಕು. ಬಯಲಿನಲ್ಲಾದರೆ ಇಪ್ಪತ್ತಡಿ ತ್ರಿಜ್ಯದ ಗೋಳ, ಮುಗಿಯಿತು. ಆದರೆ ಈ ಆಟ ನಡೆಯುವುದು ನೆಲಮಾಳಿಗೆಯಲ್ಲಿ. ಹತ್ತಡಿ ಅಗಲ, ಹತ್ತಡಿ ಎತ್ತರದ ಓಣಿಯಲ್ಲಿ ಸಿಡಿಸಿದರೆ? ಒಂದು ಅಡಿ ಉದ್ದಕ್ಕೆ ನೂರು ಘನ ಅಡಿ. 33,000ವನ್ನು ಭಾಗಿಸಿದರೆ 330 ಅಡಿ. ಎರಡೂ ಕಡೆ ತೆರೆದಿದ್ದರೆ ಆಚೆ 165, ಈಚೆ 165. ಆಚೆ ಗೋಡೆಯಿದ್ದರೆ ಇಡೀ 330 ಅಡಿ ಬೆಂಕಿಯೂ ಹಾಕಿದವನ ಕಡೆಗೇ ತಿರುಗಿ ಬರುತ್ತದೆ. ಗಣಿತ ಬಾರದ ಮಂತ್ರವಾದಿಗಳು ತಮ್ಮ ಗುಂಪನ್ನೇ ಸುಟ್ಟುಹಾಕಿದ ಕಥೆಗಳನ್ನು ಆ ಕಾಲದ ಆಟಗಾರರು ಈಗಲೂ ಹೇಳುತ್ತಾರೆ. ಇಲ್ಲಿ ನಿಯಮದಲ್ಲಿ ಗೊಂದಲವೇನೂ ಇರಲಿಲ್ಲ. ಓಣಿಯ ಕೊನೆಯ ಬಾಗಿಲು ತೆರೆದಿತ್ತೋ, ಮುಚ್ಚಿತ್ತೋ, ಮರದ ಬಾಗಿಲು ತಡೆಯುತ್ತದೋ ಎಂಬಲ್ಲಿ ಜಗಳ. ಮೂರನೆಯ ಆವೃತ್ತಿ 2000ದಲ್ಲಿ ಬಂದಾಗ ಘನ ಅಡಿಗಳ ಲೆಕ್ಕವನ್ನೇ ಕೈಬಿಟ್ಟು ಇಪ್ಪತ್ತಡಿ ತ್ರಿಜ್ಯ ಅಂದರೆ ಇಪ್ಪತ್ತಡಿ ತ್ರಿಜ್ಯ ಎಂದು ಗೆರೆ ಎಳೆದರು.

ಓದುಗರ ತಕರಾರಿಗೆ ಅಂಕಣವೂ ಹುಟ್ಟಿತು. ‘ಡ್ರ್ಯಾಗನ್’ ಪತ್ರಿಕೆಯಲ್ಲಿ 1979ರಲ್ಲಿ ಶುರುವಾದ ‘ಸೇಜ್ ಅಡ್ವೈಸ್’ ಅಂಕಣವನ್ನು ಮೊದಲು ಬರೆದವರು ಜೀನ್ ವೆಲ್ಸ್. ಆಮೇಲೆ ಬಹುಕಾಲ ಸ್ಕಿಪ್ ವಿಲಿಯಮ್ಸ್. ಅದೇ ಹೆಸರಿನಲ್ಲಿ ಐದನೆಯ ಆವೃತ್ತಿಯ ಕಾಲಕ್ಕೆ ಉತ್ತರ ಕೊಟ್ಟವರು ಮುಖ್ಯ ನಿಯಮ ವಿನ್ಯಾಸಕಾರ ಜೆರೆಮಿ ಕ್ರಾಫರ್ಡ್. ನಿಯಮ ಓದಲು ಮೂರು ದಾರಿಗಳಿವೆ ಎಂದು ಅವರು 2015ರಲ್ಲಿ ಬರೆದರು: ಬರೆದ ಹಾಗೆ ಓದುವುದು, ಬರೆದವರ ಉದ್ದೇಶ ಹುಡುಕುವುದು, ಮತ್ತು ಟೇಬಲ್ಲಿಗೆ ಯಾವುದು ಮಜಾ ಕೊಡುತ್ತದೋ ಅದನ್ನು ಆರಿಸುವುದು. ಆಟಗಾರರ ಬಾಯಲ್ಲಿ ಇವು ‘ರಾ’, ‘ರಾಯ್’, ‘ರಾಫ್’. ಕ್ರಾಫರ್ಡ್ ಟ್ವಿಟರ್‌ನಲ್ಲೂ ಉತ್ತರಿಸುತ್ತಿದ್ದರು. ಆಟದ ನಡುವೆ ಫೋನ್ ತೆಗೆದು ಅವರ ಟ್ವೀಟ್ ತೋರಿಸಿ ಡಿಎಂ ಬಾಯಿ ಮುಚ್ಚಿಸುವ ಪ್ರತಿಭೆಗಳು ಎಲ್ಲ ಊರಲ್ಲೂ ಹುಟ್ಟಿಕೊಂಡವು. ಕೊನೆಗೆ 2019ರಲ್ಲಿ, ಸೇಜ್ ಅಡ್ವೈಸ್ ಸಂಕಲನದಲ್ಲಿ ಸೇರಿದ ಉತ್ತರಗಳಷ್ಟೇ ಅಧಿಕೃತ, ಟ್ವೀಟ್‌ಗಳಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಇಷ್ಟೆಲ್ಲ ತಲೆನೋವು ಏಕೆ, ಒಮ್ಮೆಗೇ ಬಿಗಿಯಾಗಿ ಬರೆದುಬಿಡಬಹುದಿತ್ತಲ್ಲ? ಬರೆದು ನೋಡಿದ್ದಾರೆ. ಆಟದ ಒಡೆತನ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. ಅದೇ ಕಂಪನಿ 1993ರಿಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟ ನಡೆಸುತ್ತಿದೆ, ಅದರ ನಿಯಮಸಂಹಿತೆಯೇ ಇನ್ನೂರು ಪುಟ ಮೀರುತ್ತದೆ, ಪ್ರತಿ ಪದಕ್ಕೂ ಅಲ್ಲಿ ವ್ಯಾಖ್ಯಾನವಿದೆ. ಆ ಶಿಸ್ತು 2008ರ ನಾಲ್ಕನೆಯ ಆವೃತ್ತಿಗೂ ಬಂತು. ಪ್ರತಿ ಮಂತ್ರಕ್ಕೂ ಒಂದು ಚೌಕ. ದೂರ ಇಷ್ಟು, ಗುರಿ ಇಷ್ಟು, ತಾಗಿದರೆ ಪರಿಣಾಮ ಇದು. ವರ್ಣನೆಯ ಸಾಲು ಬೇರೆ ಅಕ್ಷರದಲ್ಲಿ ಪ್ರತ್ಯೇಕ. ತಕರಾರು ನಿಜಕ್ಕೂ ಕಡಿಮೆಯಾಯಿತು. ಮಂತ್ರದ ಪುಟ ಓದಿದರೆ ಮಾತ್ರ ಕರೆಂಟ್ ಬಿಲ್ ಓದಿದ ಹಾಗಿತ್ತು.

ಅಲ್ಲಿಯೂ ಒಂದು ಕಡೆ ಒಡಕು ಬಿಟ್ಟಿತು. ಈ ಆಟದಲ್ಲಿ ‘ಜೆಲಾಟಿನಸ್ ಕ್ಯೂಬ್’ ಎಂಬ ಜೀವಿಯಿದೆ. ಹತ್ತಡಿ ಎತ್ತರದ ಪಾರದರ್ಶಕ ಜೆಲ್ಲಿಯ ಘನ, ಓಣಿ ಗುಡಿಸುತ್ತ ಸಿಕ್ಕಿದ್ದನ್ನೆಲ್ಲ ಕರಗಿಸಿ ತಿನ್ನುತ್ತದೆ. ಎದುರಾಳಿಯನ್ನು ಕೆಡವುವ ಪಟ್ಟು ಹಾಕಿದರೆ ಅದೂ ಅಂಗಾತ ಬೀಳಬೇಕು, ಏಕೆಂದರೆ ಬೀಳುವುದಿಲ್ಲ ಎಂದು ಅದರ ಚೌಕದಲ್ಲಿ ಬರೆದಿರಲಿಲ್ಲ. ಜೆಲ್ಲಿಯ ಘನಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು? ನಿಯಮದಲ್ಲಿ ಸಂದಿಗ್ಧ ಇರಲಿಲ್ಲ, ಕಣ್ಮುಂದಿನ ಚಿತ್ರ ಮಾತ್ರ ಕುಸಿದುಬಿತ್ತು. ಐದನೆಯ ಆವೃತ್ತಿ 2014ರಲ್ಲಿ ಬಂದಾಗ ಕ್ಯೂಬ್ ಬೀಳುವುದಿಲ್ಲ ಎಂದು ಸೇರಿಸಿದರು. ಜತೆಗೆ ಚೌಕಗಳನ್ನು ಕಿತ್ತು, ಮಂತ್ರಗಳನ್ನು ಮತ್ತೆ ಮಾಮೂಲಿ ಗದ್ಯಕ್ಕೆ ತಂದರು. ಮಾಮೂಲಿ ಗದ್ಯದ ಹಿಂದೆಯೇ ಮಾಮೂಲಿ ಜಗಳಗಳೂ ಬಂದವು. ಆ ಪುಸ್ತಕದಲ್ಲಿ ಮಂತ್ರದ ಹೆಸರನ್ನು ನಂಬುವಂತೆಯೂ ಇರಲಿಲ್ಲ. ‘ಚಿಲ್ ಟಚ್’ ಎಂಬುದರಲ್ಲಿ ಚಳಿಯ ಹಾನಿ ಇಲ್ಲ, ಮುಟ್ಟಬೇಕಾಗಿಯೂ ಇಲ್ಲ, 120 ಅಡಿ ದೂರದಿಂದ ಹಾಕಬಹುದು. 2024ರಲ್ಲಿ ಮುಟ್ಟಿಯೇ ಹಾಕಬೇಕೆಂದು ಬದಲಿಸಿದರು. ಚಳಿ ಇನ್ನೂ ಬಂದಿಲ್ಲ.

ಒಂದು ಕ್ರಿಯಾಪದದ ಮೇಲೆ ಪಾತ್ರವೊಂದರ ಜೀವ ನಿಂತ ಪ್ರಸಂಗ ನನಗೆ ಇವೆಲ್ಲಕ್ಕಿಂತ ಕುತೂಹಲದ್ದು. ಡ್ರೂಯಿಡ್ ಎಂಬ ಪಾತ್ರಕ್ಕೆ ಪ್ರಾಣಿಯ ರೂಪ ತಾಳುವ ಶಕ್ತಿಯಿದೆ. 2014ರ ನಿಯಮದಲ್ಲಿ, ಕರಡಿಯಾದಾಗ ಕರಡಿಯ ಹಿಟ್ ಪಾಯಿಂಟ್, ಅಂದರೆ ಜೀವಬಲ, ಬೇರೆ ಇತ್ತು. ಅವಳ ಸ್ವಂತದ್ದು ಬೇರೆ. ಕರಡಿಯ ಬಲ ಸೊನ್ನೆಗೆ ಇಳಿದರೆ ಅವಳು ಸ್ವರೂಪಕ್ಕೆ ಮರಳುತ್ತಿದ್ದಳು, ಮಿಕ್ಕ ಹಾನಿ ಅವಳ ಸ್ವಂತ ಬಲದಿಂದ ಕಳೆಯುತ್ತಿತ್ತು. ಇನ್ನೊಂದು ಕಡೆ ‘ಡಿಸಿಂಟಿಗ್ರೇಟ್’ ಎಂಬ ಆರನೆಯ ಮಟ್ಟದ ಮಂತ್ರ. ಹಸಿರು ಕಿರಣ ತಾಗಿ ಜೀವಬಲ ಸೊನ್ನೆಗಿಳಿದರೆ ದೇಹ ಬೂದಿ. ಬೂದಿಯಾದವರನ್ನು ಬದುಕಿಸಲು ಒಂಬತ್ತನೆಯ ಮಟ್ಟದ ಒಂದೆರಡು ಮಂತ್ರ ಬಿಟ್ಟರೆ ಗತಿಯಿಲ್ಲ.

ಈಗ ಲೆಕ್ಕ ಹಾಕಿ. ಡ್ರೂಯಿಡ್‌ಗೆ ಸ್ವಂತ ಬಲ 80. ಅವಳು ತಾಳಿರುವ ಕರಡಿಯಲ್ಲಿ ಉಳಿದಿರುವುದು 12. ಕಿರಣದ ಹಾನಿ ಆರು ಮುಖದ ಹತ್ತು ದಾಳ ಮತ್ತು ಮೇಲೆ 40, ಸರಾಸರಿ 75. ಕರಡಿಯ ಹನ್ನೆರಡು ಹೋಯಿತು, ಮಿಕ್ಕಿದ್ದು 63, ಅವಳ ಎಂಬತ್ತರಲ್ಲಿ ಕಳೆದರೆ 17 ಉಳಿಯುತ್ತದೆ. ಬದುಕಿದಳು. ಆದರೆ 2014ರ ವಾಕ್ಯ, ಈ ಹಾನಿ ಗುರಿಯನ್ನು ಸೊನ್ನೆಗೆ ಇಳಿಸಿದರೆ ಬೂದಿ ಎನ್ನುತ್ತಿತ್ತು. ಕರಡಿ ಸೊನ್ನೆಗೆ ಇಳಿದದ್ದು ನಿಜ, ಒಂದೇ ಒಂದು ಕ್ಷಣವಾದರೂ. ಆ ಕ್ಷಣದಲ್ಲೇ ಮಂತ್ರ ಕೆಲಸ ಮಾಡಿತೇ? ಸೇಜ್ ಅಡ್ವೈಸ್ ಮೊದಲು ಕೊಟ್ಟ ಉತ್ತರ: ಹೌದು, ಡ್ರೂಯಿಡ್ ಬೂದಿ. ಅಕ್ಷರಕ್ಕೆ ನಿಷ್ಠವಾದ, ಮನಸ್ಸಿಗೆ ಒಗ್ಗದ ತೀರ್ಪು. 2018ರ ತಿದ್ದುಪಡಿಯಲ್ಲಿ ವಾಕ್ಯವನ್ನೇ ತಿರುಗಿಸಿದರು. ಹಾನಿಯ ಲೆಕ್ಕವೆಲ್ಲ ಮುಗಿದ ಮೇಲೆ ಗುರಿಯಲ್ಲಿ ಉಳಿದದ್ದು ಸೊನ್ನೆಯಾದರೆ ಮಾತ್ರ ಬೂದಿ ಎಂಬ ಅರ್ಥ ಬರುವಂತೆ. ‘ಇಳಿಸಿದರೆ’ ಹೋಗಿ ‘ಉಳಿಸಿದರೆ’ ಬಂತು, ಉತ್ತರವೂ ಬದಲಾಯಿತು, ಡ್ರೂಯಿಡ್ ಬದುಕಿಕೊಂಡಳು. ನಾಲ್ಕು ವರ್ಷದಲ್ಲಿ ಆ ಮೊದಲ ತೀರ್ಪಿನಂತೆ ಬೂದಿಯಾದವರ ಪಾಡು ಕೇಳುವವರಿಲ್ಲ.

ಇಂಥ ಗೊಂದಲವನ್ನು ನಾನು ಆಟದ ಸೊಗಸು ಎಂದು ಒಪ್ಪುವುದಿಲ್ಲ. ಇದು ಬರಹದ ದೋಷ, ತಿದ್ದಬೇಕಾದದ್ದೇ, ತಿದ್ದಿದರು. ಅದೃಶ್ಯರನ್ನು ಕಾಣುವ ‘ಸೀ ಇನ್‌ವಿಸಿಬಿಲಿಟಿ’ ಮಂತ್ರದ್ದೂ ಇದೇ ಜಾತಿ. 2014ರ ಪುಸ್ತಕದಲ್ಲಿ ಅದೃಶ್ಯ ಸ್ಥಿತಿಗೆ ಎರಡು ಅಂಶಗಳಿದ್ದವು. ಒಂದು, ಮಂತ್ರ ಅಥವಾ ವಿಶೇಷ ಇಂದ್ರಿಯದ ಸಹಾಯವಿಲ್ಲದೆ ಅವನು ಕಾಣುವುದಿಲ್ಲ. ಎರಡು, ಅವನ ಮೇಲೆ ದಾಳಿ ಮಾಡುವವರು ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಬೇಕು. ಎರಡನೆಯ ಅಂಶದಲ್ಲಿ ಕಾಣುವ ಮಾತೇ ಇಲ್ಲ. ಹಾಗಾದರೆ ಮಂತ್ರ ಹಾಕಿಕೊಂಡು ಅದೃಶ್ಯ ಶತ್ರುವನ್ನು ಕಣ್ಣಾರೆ ನೋಡುತ್ತ ನಿಂತರೂ ಕತ್ತಿ ಬೀಸುವಾಗ ಕುರುಡನ ಹಾಗೇ ಬೀಸಬೇಕೇ? ಅಕ್ಷರಶಃ ಓದಿದರೆ ಹೌದು. ಕ್ರಾಫರ್ಡ್ ಕೂಡ ಅಕ್ಷರದ ಪಕ್ಷವನ್ನೇ ಹಿಡಿದರು. ನಾನು ಕಂಡ ಡಿಎಂಗಳಲ್ಲಿ ಅದನ್ನು ಪಾಲಿಸಿದವರು ಯಾರೂ ಇಲ್ಲ. 2024ರಲ್ಲಿ ಒಂದು ಸಾಲು ಸೇರಿತು: ನಿನ್ನನ್ನು ಹೇಗಾದರೂ ಕಾಣಬಲ್ಲವನ ಎದುರು ನಿನಗೆ ಈ ಅನುಕೂಲ ಇಲ್ಲ.

ಅಲ್ಲಿಗೆ ಬಗೆಹರಿಯಿತು ಅನ್ನುವಷ್ಟರಲ್ಲಿ ಅದೇ ಪರಿಷ್ಕರಣೆ ಇನ್ನೊಂದು ಬಾಗಿಲು ತೆರೆಯಿತು. ಮಂತ್ರವಿಲ್ಲದೆ ಕಂಬದ ಹಿಂದೆ ಬಚ್ಚಿಟ್ಟುಕೊಳ್ಳುವ ಕಳ್ಳನಿಗೂ, ದಾಳದಲ್ಲಿ ಹದಿನೈದು ಮುಟ್ಟಿದರೆ, ಈಗ ಅದೇ ‘ಅದೃಶ್ಯ’ ಸ್ಥಿತಿ ಸಿಗುತ್ತದೆ. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ದಾಳಿ ಮಾಡಿದರೆ, ಶತ್ರು ಪತ್ತೆ ಹಚ್ಚಿದರೆ ಅದು ಹೋಗುತ್ತದೆ ಎಂದು ಪಟ್ಟಿ ಕೊಟ್ಟಿದ್ದಾರೆ. ಸದ್ದಿಲ್ಲದೆ ಕಂಬದ ಮರೆಯಿಂದ ಹಗಲು ಬೆಳಕಿಗೆ, ಕಾವಲುಗಾರನ ಮೂಗಿನ ಕೆಳಗೆ ನಡೆದುಬಂದರೆ? ಪಟ್ಟಿಯಲ್ಲಿ ಅದರ ಹೆಸರಿಲ್ಲ. ಎದುರಿಗೆ ಬಂದವನನ್ನು ಕಾಣುವುದೇ ಪತ್ತೆ ಹಚ್ಚಿದ್ದಲ್ಲವೇ ಎಂದು ಒಂದು ಪಕ್ಷ. ಪತ್ತೆ ಹಚ್ಚಲು ಹುಡುಕಬೇಕು, ದಾಳ ಹಾಕಬೇಕು ಎಂದು ಇನ್ನೊಂದು. ಹಳೆಯ ತೂತು ಮುಚ್ಚಲು ತಂದ ಪಾರಿಭಾಷಿಕ ಪದದಲ್ಲೇ ಹೊಸ ತೂತು.

ನಿಯಮ ಓದುವ ಉಪಾಯಗಳೇನೂ ಈ ಆಟದವರ ಸ್ವಂತ ಆವಿಷ್ಕಾರವಲ್ಲ. ಪುಸ್ತಕದ ಮೊದಲ ಪುಟಗಳಲ್ಲೇ ಒಂದು ಸೂತ್ರವಿದೆ, ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಮೀರುತ್ತದೆ ಎಂದು. ಸಂಸ್ಕೃತ ವ್ಯಾಕರಣದ ಉತ್ಸರ್ಗ-ಅಪವಾದ ಕೇಳಿದವರಿಗೆ, ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ, ಇದು ಗೊತ್ತಿರುವ ವಿಷಯವೇ. ಪಕ್ಕದ ಮಂತ್ರ ಬಾಯಿಬಿಟ್ಟಲ್ಲಿ ಇದು ಏಕೆ ಸುಮ್ಮನಿದೆ ಎಂದು ಕೇಳುವುದು, ಅಸಂಬದ್ಧ ಫಲ ಬಂದರೆ ಆ ಓದನ್ನು ಸಂಶಯಿಸುವುದು, ಇವೂ ಹಳೆಯ ಪಟ್ಟುಗಳೇ. ಕೋರ್ಟಿನಲ್ಲಿ ಇರುವ ಒಂದು ಸೌಕರ್ಯ ಮಾತ್ರ ಇಲ್ಲಿಲ್ಲ. ಗಾಬ್ಲಿನ್ ಎದ್ದು ನಿಲ್ಲುವುದರೊಳಗೆ ತೀರ್ಪು ಬರಬೇಕು, ಮುಂದಿನ ತಾರೀಕು ಕೊಡುವಂತಿಲ್ಲ.

ತಿದ್ದಬಾರದ ಗೊಂದಲಗಳೂ ಇವೆ. ‘ಸಜೆಶನ್’ ಮಂತ್ರ ಹಾಕಿದವನು ಎದುರಿಗಿರುವವನಿಗೆ ಒಂದು ಸಲಹೆ ಕೊಡುತ್ತಾನೆ, ಅವನು ಅದನ್ನು ಪಾಲಿಸುತ್ತಾನೆ. 2014ರಲ್ಲಿ ಮುಖ್ಯ ಷರತ್ತುಗಳು ಇವು: ಸಲಹೆ ಒಂದೆರಡು ವಾಕ್ಯದಲ್ಲಿರಬೇಕು, ಕೇಳಲು ಸಮಂಜಸ ಅನ್ನಿಸಬೇಕು. ಕುದುರೆಸವಾರನಿಗೆ, ಎದುರಾಗುವ ಮೊದಲ ಭಿಕ್ಷುಕನಿಗೆ ನಿನ್ನ ಕುದುರೆ ಕೊಟ್ಟುಬಿಡು ಎನ್ನಬಹುದು ಎಂದು ಪುಸ್ತಕವೇ ಉದಾಹರಣೆ ಕೊಡುತ್ತದೆ. ಅದು ಸಮಂಜಸವಾದರೆ ಸಮಂಜಸವಲ್ಲದ್ದು ಯಾವುದು ಸ್ವಾಮಿ? 2024ರಲ್ಲಿ ಇಪ್ಪತ್ತೈದು ಪದಗಳ ಮಿತಿ ಹಾಕಿದರು. ಮಾಡಲು ಆಗುವಂತಿರಬೇಕು, ಕೇಳಿದವನಿಗೂ ಅವನ ಕಡೆಯವರಿಗೂ ಕಣ್ಣಿಗೆ ಕಾಣುವ ಹಾನಿ ಇರಬಾರದು ಎಂದು ಬಿಗಿಗೊಳಿಸಿದರು. ಅಳತೆ ಸಿಕ್ಕಿತು, ಒಪ್ಪುತ್ತೇನೆ. ಆದರೆ ಕಾವಲುಗಾರನಿಗೆ ಏನು ಹೇಳಿದರೆ ಅವನು ಬಾಗಿಲು ಬಿಟ್ಟು ಹೋದಾನು ಎಂದು ಟೇಬಲ್ಲಿನವರೆಲ್ಲ ತಲೆ ಕೆಡಿಸಿಕೊಂಡು, ವಾಕ್ಯ ಕಟ್ಟಿ, ಡಿಎಂ ಮುಖ ನೋಡುವ ಆ ಐದು ನಿಮಿಷವೇ ಈ ಮಂತ್ರದ ಜೀವಾಳ. ಅದನ್ನು ಕೋಷ್ಟಕಕ್ಕೆ ಇಳಿಸಿದರೆ ಮಂತ್ರ ಉಳಿಯುವುದಿಲ್ಲ.

ಒಂಬತ್ತನೆಯ ಮಟ್ಟದ ‘ವಿಶ್’ ಇದರ ದೊಡ್ಡಣ್ಣ. ಏನು ಬೇಕಾದರೂ ಕೇಳು, ಆದಷ್ಟು ಖಚಿತವಾಗಿ ಕೇಳು, ದೊಡ್ಡದನ್ನು ಕೇಳಿದಷ್ಟೂ ಕೆಡುವ ಸಂಭವ ಹೆಚ್ಚು ಎಂದು ಪುಸ್ತಕವೇ ಡಿಎಂ ಕೈಗೆ ಲಗಾಮು ಕೊಡುತ್ತದೆ. ಬೇರೆ ಮಂತ್ರವೊಂದನ್ನು ನಕಲು ಮಾಡುವುದಕ್ಕಲ್ಲದೆ ಇನ್ನಾವುದಕ್ಕೇ ಬಳಸಿದರೂ, ಮತ್ತೆಂದೂ ವಿಶ್ ಹಾಕಲಾಗದಂತಾಗುವ ಸಂಭವ ನೂರಕ್ಕೆ 33. ಹಿರಣ್ಯಕಶಿಪುವಿನ ವರ ಕೇಳಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಒಳಗಲ್ಲ, ಹೊರಗಲ್ಲ, ಹಗಲಲ್ಲ, ಇರುಳಲ್ಲ ಎಂದು ಅವನು ಹಾಕಿದ ಒಂದೊಂದು ಷರತ್ತಿನ ಸಂದಿಯಲ್ಲೂ ನುಸುಳಿ ಬಂದು ಹೊಸ್ತಿಲ ಮೇಲೆ ಕೂತದ್ದಲ್ಲವೇ ನರಸಿಂಹ? ಆದರೆ ಡಿಎಂ ಆದವನು ಪ್ರತಿ ಸಲವೂ ನರಸಿಂಹನಾಗಲು ಹೊರಟರೆ ಆಟಗಾರರು ಸ್ಟಾಂಪ್ ಪೇಪರ್ ಮೇಲೆ ಕರಾರು ಬರೆದ ಹಾಗೆ ವಿಶ್ ಬರೆದು ತರತೊಡಗುತ್ತಾರೆ. ಅಂಥ ಟೇಬಲ್ಲಿನಲ್ಲಿ ಒಂದು ಸಂಜೆ ಕೂತವರು ಎರಡನೆಯ ಸಂಜೆಗೆ ಹೋಗುವುದಿಲ್ಲ.

2024ರ ಡಿಎಂ ಕೈಪಿಡಿ, ನಿಯಮಗಳನ್ನು ದುರುಪಯೋಗ ಮಾಡುವ ಆಟಗಾರರ ಬಗ್ಗೆ ನೇರವಾಗಿಯೇ ಬರೆಯುತ್ತದೆ. ಆಟದ ನಿಯಮ ಭೌತಶಾಸ್ತ್ರವಲ್ಲ, ಸದ್ಭಾವದಿಂದ ಓದಿದರಷ್ಟೇ ಅದು ನಿಲ್ಲುತ್ತದೆ ಎಂದು. ಇದರ ಹಿಂದೆ ‘ರೈತರ ರೈಲ್‌ಗನ್’ ಎಂಬ ಹಳೆಯ ತಮಾಷೆಯಿದೆ. ಒಂದು ಸುತ್ತು ಅಂದರೆ ಆರು ಸೆಕೆಂಡು. ಸಾವಿರಾರು ರೈತರನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಕೈಯಿಂದ ಒಬ್ಬರ ಕೈಗೆ ಒಂದು ಕೋಲು ದಾಟಿಸಿದರೆ, ನಿಯಮದ ಪ್ರಕಾರ ಎಲ್ಲವೂ ಆ ಆರು ಸೆಕೆಂಡಿನಲ್ಲೇ ಮುಗಿಯಬೇಕು. ಆದ್ದರಿಂದ ಕೋಲು ಸಾಲಿನ ಕೊನೆಯಲ್ಲಿ ಗುಂಡಿಗಿಂತ ವೇಗವಾಗಿ ಹೊರಡಬೇಕು. ದಾಟಿಸುವಾಗ ನಿಯಮ ಬೇಕು, ಹಾರಿಸುವಾಗ ಭೌತಶಾಸ್ತ್ರ ಬೇಕು. ಎರಡು ದೋಣಿಯಲ್ಲಿ ಕಾಲಿಡುವ 
ಈ ವಾದವನ್ನು ನಿಲ್ಲಿಸಲು ಯಾವ ಸಂಪಾದಕನ ಪೆನ್ನಿಗೂ ಸಾಧ್ಯವಿಲ್ಲ.

ಕೊನೆಗೆ, ಎಲ್ಲ ಟೇಬಲ್ಲಿಗೂ ಒಂದಲ್ಲ ಒಂದು ದಿನ ಬರುವ ಪ್ರಶ್ನೆ. ಪುರೋಹಿತರ ಪಾತ್ರಕ್ಕೆ ನೀರು ಸೃಷ್ಟಿಸುವ ಮೊದಲ ಮಟ್ಟದ ಮಂತ್ರವೊಂದಿದೆ: ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಶುದ್ಧ ನೀರು, ತೆರೆದ ಪಾತ್ರೆಯೊಂದರಲ್ಲಿ. ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: ಶತ್ರುವಿನ ಶ್ವಾಸಕೋಶದಲ್ಲಿ ಸೃಷ್ಟಿಸಬಹುದಾ? ಬಾಯಿ ತೆರೆದಿದ್ದರೆ ಅದು ತೆರೆದ ಪಾತ್ರೆ ತಾನೆ?

2003ರ ಮೂರೂವರೆ ಆವೃತ್ತಿಯಲ್ಲಿ ಇದಕ್ಕೆ ನೇರ ಬೇಲಿಯಿತ್ತು. ಸೃಷ್ಟಿಯ ಮಂತ್ರಗಳು ಜೀವಿಯ ದೇಹದೊಳಗೆ ಯಾವ ವಸ್ತುವನ್ನೂ ತರಲಾರವು ಎಂದು ಅದೇ ಮಂತ್ರದ ಕೆಳಗೆ ಬರೆದಿತ್ತು. 2014ರ ಹಗುರ ಗದ್ಯದಲ್ಲಿ ಆ ಸಾಲು ಬಿದ್ದುಹೋಯಿತು, ಪ್ರಶ್ನೆ ಮರಳಿ ಬಂತು. ಉತ್ತರ ಹೇಳಲು ಸಾಧನಗಳೇನೋ ಇವೆ. ಗುರಿಗೂ ಮಂತ್ರ ಹಾಕುವವನಿಗೂ ನಡುವೆ ಅಡ್ಡಿಯಿಲ್ಲದ ದಾರಿ ಇರಬೇಕೆಂಬ ಸಾಮಾನ್ಯ ನಿಯಮವಿದೆ. ಶ್ವಾಸಕೋಶಕ್ಕೆ ಎದೆಗೂಡು ಅಡ್ಡ. ತೂಕದ ವಾದವೂ ಇದೆ. ‘ಪವರ್ ವರ್ಡ್ ಕಿಲ್’ ಎಂಬ ಒಂಬತ್ತನೆಯ ಮಟ್ಟದ ಮಂತ್ರವೇ ನೂರು ಅಥವಾ ಅದಕ್ಕಿಂತ ಕಡಿಮೆ ಜೀವಬಲ ಇದ್ದವರನ್ನಷ್ಟೇ ಒಂದೇ ಮಾತಿಗೆ ಕೊಲ್ಲುತ್ತದೆ. ಮೊದಲ ಮಟ್ಟದ ನೀರಿನ ಮಂತ್ರಕ್ಕೆ ಆ ಮಿತಿಯೂ ಇಲ್ಲವೆಂದರೆ ಹೇಗೆ?

ಅನುಭವಿ ಡಿಎಂಗಳು ಇಷ್ಟೆಲ್ಲ ಹೇಳುವುದಿಲ್ಲ. “ಆಯ್ತು, ಒಪ್ಪಿದೆ. ಇವತ್ತಿಂದ ಅದೇ ನಿಯಮ,” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. “ಅಂದ ಹಾಗೆ, ಮುಂದಿನ ವಾರ ನೀವು ನುಗ್ಗೋ ದೇವಸ್ಥಾನದಲ್ಲಿ ಹನ್ನೆರಡು ಜನ ಪುರೋಹಿತರಿದ್ದಾರೆ. ಅವರಿಗೂ ಈ ಮಂತ್ರ ಬರುತ್ತೆ.”

ಪ್ರಶ್ನೆ ಕೇಳಿದವನು ಒಂದು ಸಲ ತನ್ನ ಕ್ಯಾರೆಕ್ಟರ್ ಶೀಟ್ ನೋಡಿಕೊಳ್ಳುತ್ತಾನೆ. “ಬೇಡ ಬಿಡು ಗುರು. ಗದೆ ತಗೊಂಡು ಹೊಡೀತೀನಿ.”